ಸಂಬಳ ಏರಿದ ಮೇಲೂ ಉಳಿಯುವ ಇಎಸ್‌ಐ: ಬ್ರಹ್ಮಾವರದ ಅನುಭವದಿಂದ ಕೆಲವು ಪಾಠಗಳು

ವರಮಾನವನ್ನು ಆಧರಿಸಿ ಕೊಡುವ ಯಾವುದೇ ಆರೋಗ್ಯ ಸೌಲಭ್ಯಕ್ಕೂ ಒಂದು ಮಿತಿ ಇರುತ್ತದೆ. ಆ ಮಿತಿ ದಾಟಿದ ಮರುದಿನವೇ ಸೌಲಭ್ಯ ನಿಂತುಹೋದರೆ, ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ದುಡಿದ ಮನೆಯೇ ಲಕ್ಷಗಟ್ಟಲೆ ರೂಪಾಯಿಯ ಚಿಕಿತ್ಸೆಯ ಆಸರೆಯನ್ನು ಕಳೆದುಕೊಳ್ಳಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದಲ್ಲಿ 1988ರ ಒಂದು ಕಾಯ್ದೆಯು, ದುಡಿಮೆ ಹೆಚ್ಚಿ ಮೆಡಿಕೈಡ್ ಎಂಬ ಬಡವರ ಆರೋಗ್ಯ ಯೋಜನೆಯಿಂದ ಹೊರಬೀಳುವ ಕುಟುಂಬಗಳಿಗೆ ಹನ್ನೆರಡು ತಿಂಗಳವರೆಗೆ ಸೌಲಭ್ಯ ಮುಂದುವರಿಯುವ ವ್ಯವಸ್ಥೆ ಮಾಡಿತು. ಭಾರತದಲ್ಲಿ ಅಂಥ ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದರೂ, 1948ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಎಲ್ಲರ ಬಾಯಲ್ಲಿರುವ ಇಎಸ್‌ಐ, ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತ ಬಂದಿದೆ.

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಗೇರುಬೀಜದ ಕಾರ್ಖಾನೆ, ಹೆದ್ದಾರಿ ಬದಿಯ ಶೋರೂಮು, ಹೋಟೆಲು, ಖಾಸಗಿ ಶಾಲೆಗಳಲ್ಲಿ ದುಡಿಯುವವರಿಗೆ ಇಎಸ್‌ಐ ಹೊಸದಲ್ಲ. ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಕಡೆ ತಿಂಗಳ ಸಂಬಳ 21,000 ರೂಪಾಯಿ ಮೀರದವರು ಇದರೊಳಗೆ ಬರುತ್ತಾರೆ. 2017ರ ಜನವರಿಯಲ್ಲಿ ಜಾರಿಗೆ ಬಂದ ಈ ಮಿತಿ ಅದಕ್ಕೂ ಮೊದಲು 15,000 ಇತ್ತು. 2019ರ ಜುಲೈಯಲ್ಲಿ ಇಳಿಸಿದ ದರದಂತೆ ಮಾಲೀಕರು ಸಂಬಳದ ಶೇ. 3.25ರಷ್ಟನ್ನೂ ಕೆಲಸಗಾರರು ಶೇ. 0.75ರಷ್ಟನ್ನೂ ಕಟ್ಟುತ್ತಾರೆ. ಈ ಹಣಕ್ಕೆ ವಂತಿಗೆ ಎಂದು ಹೆಸರು. ಇದರ ಬಲದಿಂದ ಕೆಲಸಗಾರರಿಗೆ ಮಾತ್ರವಲ್ಲ, ಅವರ ಗಂಡ ಅಥವಾ ಹೆಂಡತಿಗೂ ಮಕ್ಕಳಿಗೂ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ದೊರೆಯುತ್ತದೆ.

ಸಂಬಳ 21,000 ದಾಟಿದರೆ ಇಎಸ್‌ಐ ಮುಗಿಯಿತೆಂಬುದು ಕಾರ್ಮಿಕರಲ್ಲೂ ಲೆಕ್ಕಪತ್ರ ನೋಡುವವರಲ್ಲೂ ಬೇರೂರಿದ ನಂಬಿಕೆ, ಆದರೆ ನಿಯಮ ಹಾಗಿಲ್ಲ. ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಲಾಗಿದ್ದು, ಅವಧಿ ಆರಂಭವಾದ ಮೇಲೆ ಸಂಬಳ ಮಿತಿ ಮೀರಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆಯನ್ನು ಕಟ್ಟಲೇಬೇಕು. ಪ್ರತಿ ವಂತಿಗೆ ಅವಧಿಗೂ ಅದರ ಫಲ ಸಿಗುವ ಸೌಲಭ್ಯ ಅವಧಿಯೊಂದಿದೆ: ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್, ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈಯಿಂದ ಡಿಸೆಂಬರ್. ಒಂದು ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಅದಕ್ಕೆ ಸೇರಿದ ಸೌಲಭ್ಯ ಅವಧಿಯ ಕೊನೆಯವರೆಗೂ ವೈದ್ಯಕೀಯ ಸೌಲಭ್ಯ ಉಳಿಯುತ್ತದೆ. ಹೀಗಾಗಿ ಏಪ್ರಿಲ್ ಒಂದಕ್ಕೇ ಸಂಬಳ ಮಿತಿ ಮೀರಿದವರಿಗೆ ಹಿಂದಿನ ವಂತಿಗೆಯ ಆಧಾರದಲ್ಲಿ ಡಿಸೆಂಬರ್ 31ರವರೆಗೆ ರಕ್ಷಣೆ ಇರುತ್ತದೆ. ಮೇ ತಿಂಗಳಲ್ಲಿ ಮೀರಿದವರಿಗಾದರೆ ಅದು ಮರುವರ್ಷದ ಜೂನ್ 30ರವರೆಗೆ ಮುಂದುವರಿಯುತ್ತದೆ.

ಪ್ರಸ್ತುತ ಲೇಖಕರ ಮನೆಯಲ್ಲಿ ಮಗನ ಸಂಬಳ ಮೇ ತಿಂಗಳಲ್ಲೇ ಮಿತಿ ದಾಟಿದಾಗ, ಸಂಸ್ಥೆಯ ಲೆಕ್ಕದವರು ಆ ತಿಂಗಳಿಂದಲೇ ಕಡಿತ ನಿಲ್ಲಿಸಲು ಹೊರಟಿದ್ದು, ನಿಯಮವನ್ನು ತೋರಿಸಿದ ಮೇಲೆ ಮುಂದುವರಿಸಿದರು. ಕಡಿತ ನಿಂತಿದ್ದರೆ ಕೈಗೆ ಬರುವ ಹಣ ಒಂದಿಷ್ಟು ಹೆಚ್ಚುತ್ತಿತ್ತೆಂಬುದು ನಿಜ. ಆದರೆ 22,000 ರೂಪಾಯಿ ಸಂಬಳಕ್ಕೆ ಆ ಕಡಿತ ತಿಂಗಳಿಗೆ 165 ರೂಪಾಯಿ ಮಾತ್ರ, ಅದರಿಂದ ಉಳಿದುದು ಮನೆಯ ಹಿರಿಯರ ಸಕ್ಕರೆ ಕಾಯಿಲೆಯ ಮದ್ದು ಮತ್ತು ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಇರುವ ಧೈರ್ಯ. ಸಂಬಳ ಏರಿದ ತಿಂಗಳಲ್ಲಿ ಸಂಬಳ ಚೀಟಿಯ ಕಡಿತದ ಕಾಲಮನ್ನು ಎಂದಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕೆಂಬುದು ಇದರಿಂದ ದೊರೆತ ಮೊದಲ ಪಾಠ.

ಎರಡನೆಯದು, ಹೀಗೆ ದೊರೆಯುವ ತಿಂಗಳುಗಳು ಮುಂದಿನ ಏರ್ಪಾಟಿಗೆ ಸಿಕ್ಕಿದ ಕಾಲಾವಕಾಶ. ಖಾಸಗಿ ಆರೋಗ್ಯ ವಿಮೆಯಲ್ಲಿ ಅಪಘಾತ ಬಿಟ್ಟು ಉಳಿದ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲ 30 ದಿನ ಹಣ ಸಿಗುವುದಿಲ್ಲ; ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಇಎಸ್‌ಐ ಮುಗಿಯುವ ಮೊದಲೇ ಪಾಲಿಸಿ ಮಾಡಿಸಿದರೆ ಈ ಕಾಯುವಿಕೆಯ ಒಂದು ಭಾಗ ರಕ್ಷಣೆಯೊಳಗೇ ಕಳೆಯುತ್ತದೆ. ಸಹಕಾರಿ ಸಂಘದ ಸದಸ್ಯತ್ವವಿರುವ ಮನೆಗಳಿಗೆ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಯೂ ಇದೆ. ಆದರೆ ಅದರ ನೋಂದಣಿ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ನಡೆಯುವುದರಿಂದ ಸಂಘದ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಡುವುದು ಅಗತ್ಯ.

ಮೂರನೆಯ ಪಾಠ ರೇಷನ್ ಕಾರ್ಡಿಗೆ ಸಂಬಂಧಿಸಿದ್ದು. 2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್, ಅಂದರೆ ಬಡತನ ರೇಖೆಗಿಂತ ಕೆಳಗಿನವರ ಕಾರ್ಡಿರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದ್ದರೆ, ಎಪಿಎಲ್, ಅಂದರೆ ಆ ರೇಖೆಗಿಂತ ಮೇಲಿನವರ ಕಾರ್ಡಿರುವ ಕುಟುಂಬಕ್ಕೆ ನಿಗದಿತ ಚಿಕಿತ್ಸಾ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ದೊರೆಯುತ್ತದೆ. ರಾಜ್ಯದಲ್ಲಿ ಬಿಪಿಎಲ್ ವರಮಾನದ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10,000 ರೂಪಾಯಿ. ಇಎಸ್‌ಐ ಮಿತಿಯ ಅರ್ಧಕ್ಕಿಂತಲೂ ಇದು ಕಡಿಮೆ. ಮನೆಯ ಹುಡುಗನೊಬ್ಬ ಸಾಧಾರಣ ಸಂಬಳದ ಕೆಲಸಕ್ಕೆ ಸೇರಿದರೂ ಈ ಮಿತಿ ದಾಟಬಹುದು. ಹಾಗೆ ಕಾರ್ಡ್ ಎಪಿಎಲ್ ಆದ ಮೇಲೆ ಇಎಸ್‌ಐಯಲ್ಲಿರುವಂಥ ನಡುಗಾಲದ ರಕ್ಷಣೆ ಇಲ್ಲಿ ಸಿಗುವುದಿಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಕಾರ್ಡುಗಳು ರದ್ದಾದಾಗ ಎದ್ದ ಗೊಂದಲಕ್ಕೆ ಅಕ್ಕಿಯಷ್ಟೇ ಆಸ್ಪತ್ರೆಯ ಚಿಂತೆಯೂ ಕಾರಣವಾಗಿತ್ತು. ದೋಣಿ ಮೀನುಗಾರಿಕೆ, ಕೂಲಿ, ಬೀಡಿ ಕಟ್ಟುವ ಕೆಲಸಗಳಿಂದ ಬದುಕುವ, ಇಎಸ್‌ಐ ಇಲ್ಲದ ಕರಾವಳಿಯ ಮನೆಗಳಿಗೆ ಆ ಕಾರ್ಡೇ ಆರೋಗ್ಯ ವಿಮೆ.

ವರಮಾನ ಏರಿದವರಿಗೆ ಅಣಿಯಾಗಲು ಕಾಲ ಕೊಡಬೇಕೆಂಬ ವಿವೇಕ ಇಎಸ್‌ಐ ನಿಯಮದಲ್ಲಿ ಇರುವುದಾದರೆ, ಆರೋಗ್ಯ ಕರ್ನಾಟಕದಲ್ಲಿ ಅದು ಇರಬಾರದೆನ್ನಲು ಕಾರಣವಿಲ್ಲ. ಕಾರ್ಡ್ ಬದಲಾದ ಕುಟುಂಬಕ್ಕೆ ಕನಿಷ್ಠ ಆರು ತಿಂಗಳು ಹಳೆಯ ಸೌಲಭ್ಯವನ್ನೇ ಮುಂದುವರಿಸುವ ಆದೇಶವನ್ನು ರಾಜ್ಯ ಸರ್ಕಾರ ಹೊರಡಿಸಬೇಕು. ಅಲ್ಲಿಯವರೆಗೆ, ಸಂಬಳ ಏರಿದ ಪ್ರತಿ ಮನೆಯವರೂ ತಮ್ಮ ವಂತಿಗೆ ಅವಧಿ ಮುಗಿಯುವ ದಿನ ಮತ್ತು ಸೌಲಭ್ಯ ಅವಧಿ ಮುಗಿಯುವ ದಿನ ಎರಡನ್ನೂ ಬರೆದಿಟ್ಟುಕೊಂಡು, ಅಷ್ಟರೊಳಗೆ ಬೇರೆ ಏರ್ಪಾಟು ಮಾಡಿಕೊಳ್ಳಬೇಕು.