ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ: ಇತ್ತೀಚಿನ ಅಭ್ಯಾಸ ಪ್ರಶ್ನೆಗಳ ಸದುಪಯೋಗ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಮೆಟ್ಟಿಲೇರಿ ಹೋಗುವ ಭಕ್ತರೆಲ್ಲರೂ ಜಟಾಯುವಿನ ಕಥೆಯನ್ನು ಬಲ್ಲರು. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ಬಲ್ಲವರು ಕಡಿಮೆ. ಅದನ್ನೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶಾಸನಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಹೇಳಿಕೊಂಡು, 'ಲಿಪಿಕಾರನಿಂದ' ಎಂಬರ್ಥದ ಪದವೊಂದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಹೊರನಾಡಿನ ಬರಹ ಬಲ್ಲವನಿಗೆ ಈ ಸೀಮೆಯಲ್ಲಿ ಕೆಲಸವಿರುವುದು ಇಂದು ನಿನ್ನೆಯ ಮಾತಲ್ಲ.

ಇಂದು ಆ ಸ್ಥಾನದಲ್ಲಿ ಇಂಗ್ಲಿಷ್ ಇದೆ. ಚಳ್ಳಕೆರೆಯ ಎಣ್ಣೆ ಗಿರಣಿಯ ಮನೆಯಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮನೆಯಲ್ಲಾಗಲಿ, ಮಕ್ಕಳು ವಿದೇಶದಲ್ಲಿ ಓದಲು ಹೊರಟರೆ ಮೊದಲು ಎದುರಾಗುವುದು ಐಇಎಲ್‌ಟಿಎಸ್, ಟೋಫೆಲ್ ಅಥವಾ ಪಿಟಿಇ ಪರೀಕ್ಷೆ. (ರಫ್ತು ವ್ಯಾಪಾರಕ್ಕೆ ಬೇಕಾದ ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಪಡೆಯಲು ಇಂತಹ ಯಾವ ಪರೀಕ್ಷೆಯೂ ಬೇಕಿಲ್ಲವೆಂಬುದನ್ನು ವರ್ತಕರು ಗಮನಿಸಬೇಕು.) ಶುಲ್ಕವೇ ಹಲವು ಸಾವಿರ ರೂಪಾಯಿ, ಅದಕ್ಕಿಂತ ದೊಡ್ಡ ನಷ್ಟವೆಂದರೆ ಅರ್ಧ ಅಂಕದ ಕೊರತೆಯಿಂದ ಕೈತಪ್ಪುವ ಒಂದು ಶೈಕ್ಷಣಿಕ ವರ್ಷ.

ಈ ಭಯವನ್ನೇ ಬಂಡವಾಳವಾಗಿಸಿಕೊಂಡು 'ಇತ್ತೀಚಿನ ಪ್ರಶ್ನೆಗಳು' ಎಂಬ ಸರಕು ಮಾರುಕಟ್ಟೆಗೆ ಬರುತ್ತದೆ. ಪರೀಕ್ಷೆ ಬರೆದವರ ನೆನಪಿನಿಂದ ಸಂಗ್ರಹಿಸಿದವು, ಮತ್ತೆ ಅವೇ ಬರುತ್ತವೆ ಎಂಬ ಭರವಸೆಯೊಡನೆ ಇವು ಮಾರಾಟವಾಗುತ್ತವೆ. ಇದನ್ನು ನಂಬಿ ಉತ್ತರಗಳನ್ನು ಕಂಠಪಾಠ ಮಾಡುವುದು ನಷ್ಟದ ವ್ಯಾಪಾರ. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಗುರುತಿಸಬಲ್ಲರು. ಗುರುತಿಸಿದರೆ ಅಂಕ ಇಳಿಯುತ್ತದೆ.

ಹಾಗಾದರೆ 'ಇತ್ತೀಚಿನ' ಎಂಬ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಪ್ರಶ್ನೆಗಲ್ಲ, ಪ್ರಶ್ನೆಪತ್ರಿಕೆಯ ಮಾದರಿಗೆ. ಟೋಫೆಲ್ ಪರೀಕ್ಷೆಯನ್ನು 2023ರ ಜುಲೈನಲ್ಲಿ ಸುಮಾರು ಎರಡು ಗಂಟೆಗೆ ಇಳಿಸಲಾಯಿತು. 2026ರ ಜನವರಿಯಿಂದ ಅದರ ಓದು ಮತ್ತು ಆಲಿಸುವಿಕೆಯ ಭಾಗಗಳು ಅಭ್ಯರ್ಥಿಯ ಉತ್ತರಕ್ಕೆ ತಕ್ಕಂತೆ ಸುಲಭವೋ ಕಠಿಣವೋ ಆಗುತ್ತವೆ, ಫಲಿತಾಂಶವನ್ನು 1ರಿಂದ 6ರ ಶ್ರೇಣಿಯಲ್ಲಿ ಕೊಡಲಾಗುತ್ತದೆ. ಪಿಟಿಇ ಪರೀಕ್ಷೆಯ ಮಾತಿನ ಭಾಗಕ್ಕೆ 2025ರ ಆಗಸ್ಟ್‌ನಲ್ಲಿ ಎರಡು ಹೊಸ ಬಗೆಯ ಪ್ರಶ್ನೆಗಳು ಸೇರಿದವು. ಅಣ್ಣನು ಐದು ವರ್ಷದ ಹಿಂದೆ ಬಳಸಿದ ಪುಸ್ತಕ ಈ ಎರಡು ಪರೀಕ್ಷೆಗಳ ಮಟ್ಟಿಗೆ ತಂಗಿಗೆ ಉಪಯೋಗಕ್ಕೆ ಬಾರದು. ಐಇಎಲ್‌ಟಿಎಸ್‌ನ ಚೌಕಟ್ಟು ಅಷ್ಟಾಗಿ ಬದಲಾಗಿಲ್ಲ. ಕೇಂಬ್ರಿಡ್ಜ್ ಪ್ರಕಟಿಸುವ, ತಲಾ ನಾಲ್ಕು ಪೂರ್ಣ ಪ್ರಶ್ನೆಪತ್ರಿಕೆಗಳುಳ್ಳ ಪುಸ್ತಕಗಳಲ್ಲಿ ತುಸು ಹಳೆಯವೂ ನಡೆಯುತ್ತವೆ. ಮುಂದಿನ ವಿವರಣೆ ಈ ಪರೀಕ್ಷೆಯನ್ನೇ ಕುರಿತದ್ದು.

ಸಿದ್ಧತೆಗೆ ಮೊದಲೇ ಒಂದು ಪೂರ್ಣ ಪತ್ರಿಕೆಯನ್ನು ಗಡಿಯಾರವಿಟ್ಟುಕೊಂಡು ಬಿಡಿಸಬೇಕು. ಇದು ಆರಂಭ ಶಿಲ್ಕು. ಆಲಿಸುವಿಕೆಯಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಧ್ವನಿಮುದ್ರಣ ಕೇಳಿಸುವುದು ಒಂದೇ ಸಲ. ಓದಿನಲ್ಲಿ 40 ಪ್ರಶ್ನೆ, 60 ನಿಮಿಷ. ತಪ್ಪಾದ ಪ್ರತಿಯೊಂದು ಉತ್ತರವನ್ನೂ ಖಾತೆಗೆ ಬರೆಯಬೇಕು: ಪದದ ಅರ್ಥ ತಿಳಿಯಲಿಲ್ಲವೇ, ಸಮಯ ಸಾಲಲಿಲ್ಲವೇ, ಪ್ರಶ್ನೆಯನ್ನೇ ತಪ್ಪಾಗಿ ಓದಲಾಯಿತೇ, ಕಾಗುಣಿತ ಕೆಟ್ಟಿತೇ? ಈ ಖಾತೆಯನ್ನು ಬರೆಯದೆ ಇಪ್ಪತ್ತು ಪತ್ರಿಕೆ ಬಿಡಿಸಿದರೂ ಇಪ್ಪತ್ತು ಬಾರಿ ಅದೇ ತಪ್ಪು ನಡೆದೀತು. ತಪ್ಪಿಗೆ ಅಂಕ ಕಳೆಯುವ ಪದ್ಧತಿ ಇಲ್ಲವಾದ್ದರಿಂದ ಯಾವ ಉತ್ತರವನ್ನೂ ಖಾಲಿ ಬಿಡಬಾರದು.

ಕನ್ನಡ ಮನೆಮಾತಿನವರ ಖಾತೆಯಲ್ಲಿ ಕೆಲವು ಸೋರಿಕೆಗಳು ಪದೇ ಪದೇ ಕಾಣುತ್ತವೆ. ನಮ್ಮ ಮಾತಿನಲ್ಲಿ 'ಹತ್ತು ಮಗ್ಗ', 'ನೂರು ಚೀಲ' ಎಂದರೆ ಸಾಕು. ಸಂಖ್ಯೆಯ ಮುಂದೆ ಬಹುವಚನ ಬೇಕಿಲ್ಲ. ಇಂಗ್ಲಿಷಿನಲ್ಲಿ 'ಹಂಡ್ರೆಡ್ ಬ್ಯಾಗ್ಸ್' ಎಂಬುದರ ಕೊನೆಯ 'ಸ್' ಬಿಟ್ಟುಹೋದರೆ ಆಲಿಸುವಿಕೆಯ ಉತ್ತರ ಪೂರ್ತಿ ತಪ್ಪು. 'ಫಿಫ್ಟೀನ್' ಮತ್ತು 'ಫಿಫ್ಟಿ' ಕಿವಿಗೆ ಒಂದೇ ಎನಿಸುತ್ತವೆ. ಇದರ ಪರಿಣಾಮವೇನೆಂದು ದರ ಕೇಳಿ ಮೋಸಹೋದ ವರ್ತಕನಿಗೆ ಹೇಳಬೇಕಾಗಿಲ್ಲ. ಎರಡು ಪದ ಮೀರಬಾರದೆಂದು ಸೂಚಿಸಿದ ಕಡೆ ಮೂರು ಪದ ಬರೆದರೂ ಅಂಕವಿಲ್ಲ.

ಓದಿನ ಭಾಗದಲ್ಲಿ 'ಟ್ರೂ, ಫಾಲ್ಸ್, ನಾಟ್ ಗಿವನ್' ಎಂಬ ಪ್ರಶ್ನೆಗಳು ಅನುಭವಿಗಳನ್ನೇ ಹೆಚ್ಚಾಗಿ ಬೀಳಿಸುತ್ತವೆ. 'ವರ್ತಕನು ಶೇಂಗಾವನ್ನೆಲ್ಲ ಚಳ್ಳಕೆರೆಯಲ್ಲಿ ಕೊಂಡನು' ಎಂದು ಪಾಠದಲ್ಲಿದೆಯೆಂದು ಭಾವಿಸೋಣ. 'ಬಳ್ಳಾರಿಯಲ್ಲಿ ಕೊಂಡನು' ಎಂಬ ಹೇಳಿಕೆ ಫಾಲ್ಸ್. 'ಅಗ್ಗವಾಗಿ ಕೊಂಡನು' ಎಂಬುದು ನಾಟ್ ಗಿವನ್. ಸುಗ್ಗಿಯಲ್ಲಿ ದರ ಇಳಿಯುತ್ತದೆಂಬ ತನ್ನ ತಿಳಿವಳಿಕೆಯನ್ನು ಓದುಗನು ಇಲ್ಲಿ ಬದಿಗಿಡಬೇಕು. ಪಾಠದಲ್ಲಿ ಇರುವುದಷ್ಟೇ ಸಾಕ್ಷ್ಯ.

ಬರವಣಿಗೆಯ 60 ನಿಮಿಷಗಳಲ್ಲಿ ಎರಡು ಕೆಲಸ: ಮೊದಲನೆಯದು ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250 ಪದ. ಎರಡನೆಯ ಪ್ರಬಂಧಕ್ಕೆ ತೂಕವೂ ಎರಡರಷ್ಟು. ಆದ್ದರಿಂದ 40 ನಿಮಿಷ ಅದಕ್ಕೇ ಮೀಸಲು. ಅಕಾಡೆಮಿಕ್ ವಿಭಾಗದ ಮೊದಲ ಪ್ರಶ್ನೆ ನಕ್ಷೆ ಅಥವಾ ಅಂಕಿಪಟ್ಟಿಯ ವಿವರಣೆ. ಮಗ್ಗಗಳು 40ರಿಂದ 60ಕ್ಕೆ ಏರಿದವು ಎನ್ನಲು 'ಫ್ರಮ್', 'ಟು' ಬೇಕು. 20ರಷ್ಟು ಏರಿದವು ಎನ್ನಲು 'ಬೈ'. 'ಟು ಸಿಕ್ಸ್ಟಿ' ಎನ್ನುವಲ್ಲಿ 'ಬೈ ಸಿಕ್ಸ್ಟಿ' ಎಂದು ಬರೆದರೆ ಮಗ್ಗಗಳು ನೂರಾಗುತ್ತವೆ! ಜನರಲ್ ಟ್ರೈನಿಂಗ್ ವಿಭಾಗದಲ್ಲಿ ನಕ್ಷೆಗೆ ಬದಲಾಗಿ ಪತ್ರವಿದ್ದು, ಅದರಲ್ಲಿ ಸೂಚಿಸಿದ ಮೂರು ಅಂಶಗಳಿಗೂ ಉತ್ತರವಿರಬೇಕು. ಕಡಿಮೆ ತೂಕದ ಸರಕು ಬಂದಾಗ ದೂರು ಬರೆದವರಿಗೆ ಇದು ಹೊಸದಲ್ಲ: ನಡೆದದ್ದೇನು, ಆದ ತೊಂದರೆಯೇನು, ಬೇಕಾದ ಪರಿಹಾರವೇನು.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಕನ್ನಡದ ಉಚ್ಚಾರದ ಛಾಯೆಗೆ ಅಂಕ ಕಡಿತವಿಲ್ಲ, ಮಾತು ಸ್ಪಷ್ಟವಾಗಿದ್ದರೆ ಸಾಕು. ನಡುವಿನ ಭಾಗದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತನಾಡಬೇಕಾಗುತ್ತದೆ. ಊರಿನ ಸ್ಥಳವೊಂದನ್ನು ವರ್ಣಿಸಲು ಕೇಳಿದರೆ ಕಾಣದ ತಾಜಮಹಲಿಗಿಂತ ಕಂಡ ಜಟಿಂಗ ರಾಮೇಶ್ವರವೇ ಲೇಸು, ಮಾತು ತಡವರಿಸುವುದಿಲ್ಲ.

ಒಟ್ಟು ಅಂಕವು ನಾಲ್ಕು ಭಾಗಗಳ ಸರಾಸರಿ. 7, 6.5, 6, 5.5 ಬಂದರೆ ಸರಾಸರಿ 6.25, ಅದನ್ನು 6.5 ಎಂದು ಏರಿಸಿ ಕೊಡಲಾಗುತ್ತದೆ. ಆದರೆ ವಿಶ್ವವಿದ್ಯಾಲಯವು ಪ್ರತಿ ಭಾಗದಲ್ಲೂ ಕನಿಷ್ಠ 6 ಕೇಳಿದ್ದರೆ ಆ 5.5 ಒಂದೇ ಅಡ್ಡಿಯಾಗುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರು 60 ದಿನಗಳೊಳಗೆ ಒಂದು ಭಾಗವನ್ನಷ್ಟೇ ಮತ್ತೊಮ್ಮೆ ಬರೆಯುವ ಅವಕಾಶವುಂಟು; ಅದನ್ನು ಆ ಸಂಸ್ಥೆ ಒಪ್ಪುತ್ತದೆಯೇ ಎಂದು ಮುಂಚಿತವಾಗಿ ವಿಚಾರಿಸಬೇಕು. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷಗಳ ಮಾನ್ಯತೆ ಇರುವುದರಿಂದ ಬಹಳ ಮುಂಚೆ ಬರೆದಿಡುವುದೂ ಜಾಣತನವಲ್ಲ. ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟನ್ನೇ ಗುರುತಿನ ದಾಖಲೆಯಾಗಿ ತೋರಿಸಬೇಕಾದ್ದರಿಂದ, ತಂದೆಯ ಹೆಸರೋ ಊರಿನ ಹೆಸರೋ ಹಿಂದುಮುಂದಾಗಿ ಸೇರಿರುವ ದಾಖಲೆಗಳನ್ನು ಶುಲ್ಕ ಕಟ್ಟುವ ಮೊದಲೇ ಸರಿಪಡಿಸಿಕೊಳ್ಳತಕ್ಕದ್ದು.