ಬಿಟ್ಟ ವ್ಯಾಯಾಮವನ್ನು ಮತ್ತೆ ಹಿಡಿಯುವ ಬಗೆ

ಆರಂಭಿಸಿದ ವ್ಯಾಯಾಮವನ್ನು ಕೈಬಿಡಲು ಮುಂಬಯಿಯಂತಹ ಮಹಾನಗರದಲ್ಲಿ ಕಾರಣಗಳಿಗೆ ಕೊರತೆಯಿಲ್ಲ. ವಿಲೆ ಪಾರ್ಲೆಯಿಂದ ಚರ್ಚ್‌ಗೇಟಿಗೆ ಹೋಗಿಬರುವ ಉದ್ಯೋಗಿಯ ದಿನಚರಿಯನ್ನು ಲೋಕಲ್ ಗಾಡಿಯ ವೇಳೆಯೇ ನಿರ್ಧರಿಸುತ್ತದೆ. ಹೋಟೆಲು ನಡೆಸುವವರಿಗೆ ಮುಂಜಾವದಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಯೇ ಗತಿ. ಗೃಹಿಣಿಗೆ ಮಕ್ಕಳ ಶಾಲೆ, ಹಿರಿಯರ ಔಷಧೋಪಚಾರಗಳ ನಡುವೆ ತನ್ನ ದೇಹದ ಕಡೆಗೆ ನೋಡಲು ಬಿಡುವಿಲ್ಲ. ಇವುಗಳ ಮೇಲೆ 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಮುಂಬಯಿಯ ವ್ಯಾಯಾಮಶಾಲೆಗಳೆಲ್ಲ ಮುಚ್ಚಿದವು. ಅಕ್ಟೋಬರ್ 25ರ ವಿಜಯದಶಮಿಯಂದು ತೆರೆಯಲು ಅನುಮತಿ ದೊರೆತು, ಮರುವರ್ಷ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಮುಚ್ಚಿದವು. ಅಂದು ತಪ್ಪಿದ ಅಭ್ಯಾಸ ಇಂದಿಗೂ ಕೂಡಿಬಾರದ ಮನೆಗಳು ಎಷ್ಟೋ ಇವೆ.

ಊರಿನ ಗರಡಿಯಲ್ಲಿ ಸಾಮು ಮಾಡಿದವರು, ಕಾಲೇಜಿನಲ್ಲಿ ಕಬಡ್ಡಿ, ಖೋಖೋ ಆಡಿದವರು ನಮ್ಮ ನಡುವೆ ಅನೇಕರಿದ್ದಾರೆ. ಇಂತಹವರು ಮತ್ತೆ ವ್ಯಾಯಾಮಶಾಲೆಯ ಮೆಟ್ಟಿಲು ಹತ್ತುವಾಗ ಹೊಸಬರಿಗಿಲ್ಲದ ಒಂದು ಅಪಾಯವಿದೆ. ಹೊಸಬನಿಗೆ ಏನೂ ತಿಳಿಯದು, ಆದ್ದರಿಂದ ಅಂಜುತ್ತಾನೆ. ಹಳಬನಿಗೆ ಹಿಂದಿನ ಲೆಕ್ಕ ನೆನಪಿದೆ: ನೂರು ಬಸ್ಕಿ, ಐವತ್ತು ದಂಡ, ಇಷ್ಟು ಕಿಲೋ ಭಾರ. ಮನಸ್ಸು ಆ ಲೆಕ್ಕವನ್ನು ಕೇಳುತ್ತದೆ. ದೇಹ ಅದನ್ನು ಸಲ್ಲಿಸಲಾರದು. ಹೆಚ್ಚಿನ ಪೆಟ್ಟುಗಳಿಗೂ ಎರಡನೆಯ ವಾರದಲ್ಲೇ ಬೇಸತ್ತು ಬಿಡುವುದಕ್ಕೂ ಮೂಲ ಇಲ್ಲಿದೆ.

ಕಳೆದುಹೋಗುವುದೇನು, ಉಳಿಯುವುದೇನು?

ದೇಹವು ತಾನು ಬಳಸದ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಮೊದಲು ಕುಗ್ಗುವುದು ಉಸಿರಿನ ಬಲ, ಅಂದರೆ ಹೃದಯ ಶ್ವಾಸಕೋಶಗಳು ಸೇರಿ ಆಮ್ಲಜನಕವನ್ನು ಸ್ನಾಯುಗಳಿಗೆ ಒದಗಿಸುವ ಸಾಮರ್ಥ್ಯ. ಅಭ್ಯಾಸ ನಿಂತ ಎರಡು ಮೂರು ವಾರಗಳಲ್ಲೇ ಇದು ಇಳಿಯತೊಡಗುತ್ತದೆ. ಭಾರ ಎತ್ತುವ ಶಕ್ತಿ ಇನ್ನೂ ಕೆಲವು ವಾರ ನಿಂತು, ಅನಂತರ ನಿಧಾನವಾಗಿ ಕರಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. 1966ರಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಅನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಕಂಡದ್ದು ಆಶ್ಚರ್ಯಕರ: ಮೂರು ದಶಕಗಳ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಅಧಿಕವಾಗಿತ್ತು. ಬಳಿಕ ಐವತ್ತರ ವಯಸ್ಸಿನ ಆ ಐವರು ಆರು ತಿಂಗಳ ಕಾಲ ನಡಿಗೆ, ಮೆಲ್ಲೋಟ, ಸೈಕಲ್‌ಗಳನ್ನು ಮಿತವಾಗಿ ಆರಂಭಿಸಿ ಕ್ರಮವಾಗಿ ಹೆಚ್ಚಿಸಿದರು. ಕೊನೆಯಲ್ಲಿ ಅವರ ಸರಾಸರಿ ಸಾಮರ್ಥ್ಯವು ಇಪ್ಪತ್ತರ ಹರೆಯದಲ್ಲಿ, ಹಾಸಿಗೆ ಹಿಡಿಯುವ ಮುನ್ನ, ಇದ್ದ ಮಟ್ಟಕ್ಕೆ ಮರಳಿತು. ಐವರ ಸಂಖ್ಯೆ ಅಲ್ಪವೇ ಸರಿ. ಆದರೂ ‘ವಯಸ್ಸಾಯಿತು, ಇನ್ನೇನು’ ಎನ್ನುವವರಿಗೆ ಇದಕ್ಕಿಂತ ಧೈರ್ಯದ ಮಾತು ದೊರೆಯುವುದು ಕಷ್ಟ.

ಸ್ನಾಯುವಿಗೂ ಒಂದು ಬಗೆಯ ನೆನಪುಂಟು. ವ್ಯಾಯಾಮದಿಂದ ಸ್ನಾಯುತಂತುಗಳಲ್ಲಿ ಹೆಚ್ಚಿದ ಕೋಶಕೇಂದ್ರಗಳು, ಸ್ನಾಯು ಸೊರಗಿದ ಮೇಲೂ ಉಳಿದುಕೊಳ್ಳುತ್ತವೆಂದು ನಾರ್ವೆಯ ವಿಜ್ಞಾನಿಗಳು 2010ರಲ್ಲಿ ಇಲಿಗಳಲ್ಲಿ ತೋರಿಸಿದರು. ಹಿಂದೆ ಸಾಧನೆ ಮಾಡಿದವರ ಶಕ್ತಿ ಹೊಸಬರಿಗಿಂತ ಬೇಗ ಮರಳುವುದು ಅನುಭವಸಿದ್ಧ. ಆದರೆ ಇಲ್ಲಿಯೇ ಒಂದು ತೊಡಕಿದೆ. ಸ್ನಾಯು ವಾರಗಳಲ್ಲಿ ಬಲಗೊಂಡರೆ, ಅದನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜು ಬಲಗೊಳ್ಳಲು ತಿಂಗಳುಗಳು ಬೇಕು. ತೋಳು ‘ಸಿದ್ಧ’ ಎಂದಾಗ ಹೆಗಲ ಸಂದು ಇನ್ನೂ ಸಿದ್ಧವಾಗಿರುವುದಿಲ್ಲ.

ಅರ್ಧಶಕ್ತಿಯ ನಿಯಮ

ನಮ್ಮ ಪೂರ್ವಿಕರು ಇದಕ್ಕೊಂದು ಅಳತೆಗೋಲನ್ನು ಇತ್ತಿದ್ದಾರೆ. ಬಲಿಷ್ಠನಾದವನೂ ತನ್ನ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡತಕ್ಕದ್ದೆಂದು ವಾಗ್ಭಟನ ಅಷ್ಟಾಂಗಹೃದಯ ವಿಧಿಸುತ್ತದೆ. ಅದೂ ಚಳಿಗಾಲ ಮತ್ತು ವಸಂತದಲ್ಲಿ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅರ್ಧಶಕ್ತಿ ಮುಗಿದುದನ್ನು ಅರಿಯುವುದೆಂತು? ಉಸಿರು ಬಾಯಿಯಿಂದ ಬರತೊಡಗುವುದೇ ಅದರ ಲಕ್ಷಣವೆಂದು ಸುಶ್ರುತಸಂಹಿತೆ ಹೇಳುತ್ತದೆ. ಇಂದಿನ ವೈದ್ಯರ ಸೂಚನೆಯೂ ಇದಕ್ಕೆ ಹತ್ತಿರವಾಗಿದೆ: ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಇಲ್ಲಿ ಗಮನಿಸಬೇಕಾದುದಿಷ್ಟೆ: ಅರ್ಧವೆಂದರೆ ಇಂದಿನ ಶಕ್ತಿಯ ಅರ್ಧ, ಹತ್ತು ವರ್ಷಗಳ ಹಿಂದಿನದಲ್ಲ.

ಗರಡಿಯನ್ನು ಕಂಡವರಿಗೆ ಇದು ಹೊಸದಲ್ಲ. ಬಹುದಿನ ಯಾರೂ ಇಳಿಯದ ಅಖಾಡದ ಕೆಮ್ಮಣ್ಣು ಗಟ್ಟಿಯಾಗುತ್ತದೆ. ಅದನ್ನು ಅಗೆದು, ಹೆಂಟೆ ಒಡೆದು, ಮೆದುಗೊಳಿಸಿದ ಮೇಲೆಯೇ ಕುಸ್ತಿ.

ಮೊದಲ ಎಂಟು ವಾರಗಳು

1. ಮೊದಲ ಎರಡು ವಾರ ಭಾರದ ತಂಟೆ ಬೇಡ. ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ ನಡೆಯಿರಿ. ಕುರ್ಚಿಯ ಬೆನ್ನು ಹಿಡಿದು ಎಂಟು ಹತ್ತು ಬಸ್ಕಿ, ಗೋಡೆಗೆ ಕೈಯೂರಿ ಅಷ್ಟೇ ದಂಡ ಸಾಕು. ಪಾರ್ಲೆಯವರಿಗೆ ಜುಹೂ ಕಡಲತೀರ ಹತ್ತಿರವೇ ಇದೆ. ಒಣ ಮರಳು ಮೀನಖಂಡವನ್ನು ಬೇಗ ದಣಿಸುವುದರಿಂದ ನೀರಂಚಿನ ಗಟ್ಟಿ ಮರಳಿನ ಮೇಲೆ ನಡೆಯುವುದು ಲೇಸು. ಮಳೆಗಾಲದಲ್ಲಿ ಕಟ್ಟಡದ ಮೆಟ್ಟಿಲುಗಳೇ ಸಾಕು.

2. ಮೂರು, ನಾಲ್ಕನೆಯ ವಾರಗಳಲ್ಲಿ ನಡಿಗೆಯನ್ನು ಮೂವತ್ತು ನಿಮಿಷಕ್ಕೆ ಏರಿಸಿ, ವಾರಕ್ಕೆರಡು ದಿನ ಹಗುರ ಭಾರ ಹಿಡಿಯಿರಿ. ಹದಿನೈದು ಬಾರಿ ಎತ್ತಬಲ್ಲ ಭಾರವನ್ನು ಹತ್ತಕ್ಕೆ ನಿಲ್ಲಿಸಿ. ಎತ್ತುವಾಗ ಉಸಿರು ಕಟ್ಟಬೇಡಿ. ಅದರಿಂದ ರಕ್ತದೊತ್ತಡ ಥಟ್ಟನೆ ಏರುತ್ತದೆ.

3. ಐದನೆಯ ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹೆಚ್ಚಿಸಿ. ನಡುವೆ ಒಂದು ವಾರ ತಪ್ಪಿದರೆ ಹಿಂದಿನ ವಾರದ ಪಾಠವನ್ನೇ ಮತ್ತೆ ಮಾಡಿ. ತಪ್ಪಿದ್ದನ್ನು ಒಂದೇ ದಿನದಲ್ಲಿ ತುಂಬಿಕೊಳ್ಳಹೋಗಬೇಡಿ.

4. ತಲುಪಬೇಕಾದ ಗುರಿ, ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದಂತೆ, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ.

ಎಚ್ಚರಿಕೆಯ ಮಾತು

ಮೈಕೈ ನೋವು ಒಂದರಿಂದ ಮೂರು ದಿನಗಳೊಳಗೆ ತೀವ್ರವಾಗಿ ಇಳಿದುಹೋದರೆ ಅದು ಸಹಜ. ಅದಕ್ಕೆ ಅಂಜಿ ಬಿಡಬೇಕಿಲ್ಲ. ಆದರೆ ಸ್ನಾಯು ಬಾತು ಅಸಾಧ್ಯ ನೋವಾಗಿ, ಮೂತ್ರವು ಚಹಾದ ಕಷಾಯದಂತೆ ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಅತಿಶ್ರಮದಿಂದ ಸ್ನಾಯು ಒಡೆದು ಅದರ ದ್ರವ್ಯ ರಕ್ತಕ್ಕೆ ಸೇರಿದಾಗ ಮೂತ್ರಪಿಂಡಗಳಿಗೆ ಹಾನಿ ತಟ್ಟಬಹುದು. ಬಹುಕಾಲದ ಬಿಡುವಿನ ಅನಂತರ ಮೊದಲ ದಿನವೇ ನೂರಾರು ಬಸ್ಕಿ ಹೊಡೆದವರಿಗೆ ಈ ವಿಪತ್ತು ಬರುವುದುಂಟು. ಬೆವರು ಆರದ ಮುಂಬಯಿಯ ಸೆಕೆಯಲ್ಲಿ, ನೀರು ಕುಡಿಯದೆ ದಣಿದರೆ ಅಪಾಯ ಇಮ್ಮಡಿ.

ಎದೆಯಲ್ಲಿ ಒತ್ತಿದಂತಾಗುವುದು, ನೋವು ದವಡೆಗೋ ಎಡತೋಳಿಗೋ ಹರಿಯುವುದು, ಅಕಾರಣ ಏದುಸಿರು, ಕಣ್ಣು ಕತ್ತಲೆ: ಇವುಗಳಲ್ಲಿ ಒಂದು ಕಂಡರೂ ಅಲ್ಲಿಯೇ ನಿಲ್ಲಿಸಿ, 108ಕ್ಕೆ ಕರೆಮಾಡಿ ನೆರವು ಪಡೆಯಿರಿ. ‘ವಾಯು ಇರಬೇಕು’ ಎಂದು ಸೋಡಾ ಕುಡಿದು ಮಲಗುವುದು ಪ್ರಾಣಕ್ಕೆ ಎರವಾದೀತು. ಹೃದ್ರೋಗವು ಭಾರತೀಯರನ್ನು ಪಾಶ್ಚಾತ್ಯರಿಗಿಂತ ಕಿರಿಯ ವಯಸ್ಸಿನಲ್ಲೇ ಹಿಡಿಯುತ್ತದೆ. ಆದ್ದರಿಂದ ನಲವತ್ತು ದಾಟಿದವರು, ಧೂಮಪಾನಿಗಳು, ರಕ್ತದೊತ್ತಡ ಅಥವಾ ಸಿಹಿಮೂತ್ರ ರೋಗವುಳ್ಳವರು ಆರಂಭಕ್ಕೆ ಮುನ್ನ ವೈದ್ಯರನ್ನು ಕಾಣುವುದು ಒಳಿತು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಗುಳಿಗೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಶ್ರಮಿಸದೆ, ಜೇಬಿನಲ್ಲಿ ನಾಲ್ಕು ಚೂರು ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಳ್ಳಲಿ. ಜ್ವರದಿಂದ, ವಿಶೇಷವಾಗಿ ಡೆಂಗ್ಯೂ ಮಲೇರಿಯಾಗಳಿಂದ ಎದ್ದವರು ಪೂರ್ಣ ಚೇತರಿಸಿಕೊಳ್ಳುವ ತನಕ ಕಾಯಬೇಕು.

ಹಳೆಯ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ಹೊಸ ಹಾಳೆಯಲ್ಲಿ ಒಂದರಿಂದ ಎಣಿಸುವುದಕ್ಕೆ ನಾಚಿಕೆ ಪಡಬೇಕಾದುದಿಲ್ಲ. ಈ ಸಂಚಿಕೆಯನ್ನು ಓದಿದ ಬಂಧು ಭಗಿನಿಯರು ನಾಳೆ ಬೆಳಗ್ಗೆ ಇಪ್ಪತ್ತು ನಿಮಿಷ ನಡೆದು, ಇನ್ನೂ ನಡೆಯಬೇಕೆಂಬ ಆಸೆ ಉಳಿದಿರುವಾಗಲೇ ಮನೆಗೆ ಹಿಂದಿರುಗಲಿ. ಮುಂದಿನ ವರ್ಷದ ಸಂಚಿಕೆ ಕೈಸೇರುವ ಹೊತ್ತಿಗೂ ಅವರು ನಡೆಯುತ್ತಲೇ ಇರಲೆಂಬುದು ನಮ್ಮ ಹಾರೈಕೆ.