ಮನೆಯಲ್ಲಿ ಬದಲಾವಣೆ ಆಯ್ತಾ? ರೇಷನ್ ಕಾರ್ಡಿನಲ್ಲೂ ಮಾಡಿಸಿ



ಪ್ರತಿ ವಾರ ಜೀವಾಮೃತ, ಮಲ್ಚಿಂಗ್, ತರಕಾರಿ ರೇಟು ಅಂತ ಬರೀತಿದ್ದೆ. ಈ ವಾರ ರೇಷನ್ ಕಾರ್ಡಿನ ವಿಷಯ. ಯಾಕಂದ್ರೆ ಈ ವಿಷಯದಲ್ಲಿ ನಮ್ಮ ಮನೆಯವರೇ ತಪ್ಪು ಮಾಡಿ ದುಡ್ಡು ಕಳ್ಕೊಂಡಿದ್ದೀವಿ.

ನಮ್ಮ ಬಿಪಿಎಲ್ ಕಾರ್ಡಿನಲ್ಲಿ ಅಜ್ಜಿಯೇ ಮನೆ ಯಜಮಾನಿ. ಅವರು ತೀರಿಕೊಂಡರು. ತಿಥಿ ಮುಗೀತು, ಪೌತಿ ಖಾತೆಗೆ ಓಡಾಡಿದೆವು, ಕಾರ್ಡಿನ ನೆನಪು ಯಾರಿಗೂ ಬರಲಿಲ್ಲ. ಅಪ್ಪ ಪ್ರತಿ ತಿಂಗಳು ಸೊಸೈಟಿಗೆ ಹೋಗಿ ಬೆರಳು ಒತ್ತಿ ಅಕ್ಕಿ ತರ್ತಿದ್ರು. ಅದರಲ್ಲಿ ಅಜ್ಜಿಯ ಪಾಲೂ ಬರ್ತಿತ್ತು. ಅದೇ ವರ್ಷ ತಮ್ಮನ ಮದುವೆ ಆಯ್ತು. ಅವನ ಹೆಂಡತಿಯ ಹೆಸರನ್ನು ತವರಿನವರು ತಮ್ಮ ಕಾರ್ಡಿನಿಂದ ತೆಗೆಸಿದರು. ನಾವು ಸೇರಿಸಲಿಲ್ಲ. "ಈರುಳ್ಳಿ ಕಿತ್ತ ಮೇಲೆ ನೋಡೋಣ" ಅಂದೆ ನಾನೇ.

ಏಳು ತಿಂಗಳಾದ ಮೇಲೆ ಒಂದು ರಾತ್ರಿ ಆಕೆಗೆ ಹೊಟ್ಟೆನೋವು. ಅಪೆಂಡಿಕ್ಸ್, ತಕ್ಷಣ ಆಪರೇಷನ್ ಅಂದ್ರು. ಆಸ್ಪತ್ರೆಯಲ್ಲಿ ಕಾರ್ಡು ಕೇಳಿದರು. ತೀರಿಹೋದ ಅಜ್ಜಿಯ ಹೆಸರು ಇದೆ, ಮಂಚದ ಮೇಲೆ ಮಲಗಿರೋ ಹುಡುಗಿಯ ಹೆಸರು ಇಲ್ಲ. ಡ್ರಿಪ್ ಪೈಪಿಗೆ ಅಂತ ಇಟ್ಟಿದ್ದ ದುಡ್ಡು ಅಲ್ಲಿ ಕಟ್ಟಿದೆವು. ಆಕೆ ಹುಷಾರಾದಳು, ಅದೇ ದೊಡ್ಡದು.

ಕಾರ್ಡು ಬರೀ ಅಕ್ಕಿಗಲ್ಲ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ ಧಾನ್ಯ. ಅದರ ಮೇಲೆ ರಾಜ್ಯದ ಅನ್ನಭಾಗ್ಯದ ಪಾಲು ಬೇರೆ. ಅಂತ್ಯೋದಯ ಕಾರ್ಡಿಗೆ ಕಾಯ್ದೆ ಪ್ರಕಾರ ಇಡೀ ಕುಟುಂಬಕ್ಕೆ 35 ಕೆಜಿ.

ಇದೇ ಕಾರ್ಡು ಬೇರೆ ಕಡೆಯೂ ಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೇ. ನಾವು ಅಜ್ಜಿಯ ಹೆಸರು ಬದಲಿಸದೆ ಅಷ್ಟು ತಿಂಗಳು ಅಮ್ಮನಿಗೆ ಅದೂ ತಪ್ಪಿತು.

ಯಾವ ಬದಲಾವಣೆಗೆ ಏನು ಮಾಡಬೇಕು?

1. ಸಾವು: 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಆ ಪ್ರಮಾಣಪತ್ರ ಕೊಟ್ಟು ಕಾರ್ಡಿನಿಂದ ಹೆಸರು ತೆಗೆಸಿ. ತೀರಿಕೊಂಡವರು ಯಜಮಾನಿ ಆಗಿದ್ದರೆ, 18 ತುಂಬಿದ ಹೆಂಗಸರಲ್ಲಿ ಹಿರಿಯರನ್ನು ಯಜಮಾನಿ ಮಾಡಿಸಿ. ಆಮೇಲೆ ಅವರ ಹೆಸರಿನಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿ. ತೀರಿಕೊಂಡವರ ಖಾತೆಗೆ ಬಂದ ಯೋಜನೆ ಹಣವನ್ನು ಎಟಿಎಂ ಕಾರ್ಡ್ ಇದೆ ಅಂತ ತೆಗೀಬೇಡಿ.

2. ಮದುವೆ: ಇದರಲ್ಲಿ ಎರಡು ಕೆಲಸ. ತವರಿನ ಕಾರ್ಡಿನಿಂದ ತೆಗೆಸೋದು, ಗಂಡನ ಮನೆ ಕಾರ್ಡಿಗೆ ಸೇರಿಸೋದು. ಒಬ್ಬರ ಹೆಸರು ಎರಡು ಕಾರ್ಡಿನಲ್ಲಿ ಇರಬಾರದು. ಹಾಗಂತ ಎರಡರಲ್ಲೂ ಇಲ್ಲದಿರೋ ಅವಧಿ ಉದ್ದ ಆಗಬಾರದು. ಸೇರಿಸಲು ಅವಕಾಶ ಇದೆಯಾ ಅಂತ ಕೇಳಿಕೊಂಡೇ ತೆಗೆಸಿ.

3. ಮಗು: ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದೆ ಆಧಾರ್ ಸಿಗುತ್ತೆ. 5 ಮತ್ತು 15ನೇ ವಯಸ್ಸಿಗೆ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಬೇಕು.

4. ಕೆಲಸಕ್ಕೆ ಬೆಂಗಳೂರು, ಪುಣೆ, ಮುಂಬೈಗೆ ಹೋದವರು: ಮನೆಯ ಸದಸ್ಯರಾಗಿಯೇ ಉಳಿದಿದ್ದರೆ ಹೆಸರು ತೆಗೆಸೋದು ಬೇಡ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಅವರು ಇರೋ ಊರಲ್ಲೇ ರೇಷನ್ ತಗೋಬಹುದು. ಇ-ಕೆವೈಸಿ ಮಾತ್ರ ಬಾಕಿ ಉಳಿಸಿಕೊಳ್ಳಬಾರದು.

ಹೆಸರು ತೆಗೆಸೋಕೆ ಹೋದ್ರೆ ಕಾರ್ಡೇ ರದ್ದಾಗುತ್ತೆ ಅಂತ ಬಹಳ ಜನ ಹೆದರ್ತಾರೆ. ನಮ್ಮಪ್ಪನೂ ಹೆದರಿದ್ದರು. ಒಬ್ಬರ ಹೆಸರು ತೆಗೆಸಿದ್ದಕ್ಕೆ ಉಳಿದವರ ಕಾರ್ಡು ಹೋಗಲ್ಲ.

ಆದಾಯ, ಜಮೀನು ಹೆಚ್ಚಾದಾಗ

ಇದು ನಮ್ಮಂಥ ಯುವ ರೈತರು ಮಾತಾಡೋಕೆ ಹಿಂಜರಿಯೋ ವಿಷಯ. ನಮ್ಮ ರಾಜ್ಯದಲ್ಲಿ ಬಿಪಿಎಲ್‌ಗೆ ಮುಖ್ಯ ಮಾನದಂಡಗಳು ಇವು:

- ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು.
- 3 ಹೆಕ್ಟೇರ್, ಅಂದ್ರೆ ಸುಮಾರು ಏಳೂವರೆ ಎಕರೆ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಬಾರದು.
- ಸ್ವಂತ ಬಳಕೆಯ ಬಿಳಿ ಬೋರ್ಡ್ ಕಾರು ಇರಬಾರದು. ಜೀವನೋಪಾಯಕ್ಕೆ ತಾವೇ ಓಡಿಸೋ ಒಂದು ಟ್ರ್ಯಾಕ್ಟರ್ ಅಥವಾ ಟ್ಯಾಕ್ಸಿಗೆ ವಿನಾಯಿತಿ ಇದೆ.
- ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಇರಬಾರದು.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆಗಿ ಎಷ್ಟು ಗದ್ದಲ ಆಯ್ತು ನೆನಪಿರಬೇಕು. ಕೊನೆಗೆ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಅಂತ ಸರ್ಕಾರ ಹೇಳಿತು. ಆಧಾರ್ ಜೋಡಣೆ ಆದ ಮೇಲೆ ಒಂದು ಇಲಾಖೆಯ ದಾಖಲೆ ಇನ್ನೊಂದಕ್ಕೆ ಕಾಣುತ್ತೆ. ಮಾನದಂಡ ಮೀರಿದ್ದರೆ ನಾವಾಗಿಯೇ ಕಾರ್ಡು ಒಪ್ಪಿಸೋದು ಒಳ್ಳೇದು. ಅವರೇ ಹಿಡಿದರೆ ದಂಡ ಬೀಳುತ್ತೆ. ಮಾನದಂಡದೊಳಗೇ ಇದ್ದರೆ ಪಹಣಿ, ಆದಾಯ ಪ್ರಮಾಣಪತ್ರ ಸರಿಯಾಗಿಟ್ಟುಕೊಳ್ಳಿ, ತಪ್ಪಾಗಿ ರದ್ದಾದರೆ ತೋರಿಸೋಕೆ ಅದೇ ಬೇಕು. ಅಣ್ಣತಮ್ಮಂದಿರು ಪಾಲಾಗಿದ್ದರೂ ಪಹಣಿ ಇನ್ನೂ ಒಬ್ಬರ ಹೆಸರಲ್ಲೇ ಇದ್ದರೆ, ಇಡೀ ಜಮೀನು ಅವರ ಲೆಕ್ಕಕ್ಕೇ ಕಾಣುತ್ತೆ. ಅದನ್ನೂ ಸರಿಮಾಡಿಸಿ.

ಈ ವಾರ ಮಾಡಬೇಕಾದ ಕೆಲಸ

ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಕಾರ್ಡಿನ ವಿವರ ತೆಗೆದು ನೋಡಿ. ಯಾರ ಹೆಸರು ಇದೆ, ಯಾರದು ಬಿಟ್ಟಿದೆ, ಯಜಮಾನಿ ಯಾರು ಅಂತ ಬರೆದಿಟ್ಟುಕೊಳ್ಳಿ. ಯಾರದಾದರೂ ಇ-ಕೆವೈಸಿ ಬಾಕಿ ಇದೆಯಾ ಅಂತ ಸೊಸೈಟಿಯಲ್ಲೇ ಕೇಳಿ. ಆನ್‌ಲೈನ್ ತಿದ್ದುಪಡಿಗೆ ವರ್ಷವಿಡೀ ಅವಕಾಶ ಇರೋದಿಲ್ಲ, ಇಲಾಖೆ ದಿನಾಂಕ ಕೊಟ್ಟಾಗ ಮಾತ್ರ. ಹಾಗಾಗಿ ಕಾಗದಪತ್ರ ಮೊದಲೇ ರೆಡಿ ಇರಲಿ. ಅವಕಾಶ ಬಿಟ್ಟ ದಿನ ಬೆಳಿಗ್ಗೆಯೇ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ, ಮಧ್ಯಾಹ್ನದ ಹೊತ್ತಿಗೆ "ಸರ್ವರ್ ಇಲ್ಲ" ಶುರುವಾಗಬಹುದು. ಅರ್ಜಿಯ ಸ್ವೀಕೃತಿ ಚೀಟಿ ತಗೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೆ ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರನ್ನು ನೋಡಿ, ಅಥವಾ 1967ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಿಂದ ಬಂದ ವಾರವೇ ನಾನು ಅಜ್ಜಿಯ ಮರಣ ಪ್ರಮಾಣಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಹೋದೆ. ತಮ್ಮನ ಹೆಂಡತಿಯ ಹೆಸರು ಸೇರಿಸೋಕೆ ಮತ್ತೆ ಮೂರು ತಿಂಗಳು ಕಾಯಬೇಕಾಯ್ತು. ಈಗ ಬಿತ್ತನೆ, ಗೊಬ್ಬರದ ಲೆಕ್ಕ ಬರೆಯೋ ಡೈರಿಯ ಮೊದಲ ಪುಟದಲ್ಲೇ ಕಾರ್ಡಿನಲ್ಲಿರೋ ಹೆಸರುಗಳನ್ನು ಬರೆದಿದ್ದೀನಿ. ಪ್ರತಿ ಯುಗಾದಿಗೆ ಒಮ್ಮೆ ಮನೆಯವರ ಜೊತೆ ಕೂತು ಸರಿ ಇದೆಯಾ ಅಂತ ನೋಡ್ತೀನಿ. ನೀವೂ ಹಾಗೇ ಮಾಡಿ.

ಮುಂದಿನ ವಾರ ಮತ್ತೆ ತೋಟದ ವಿಷಯಕ್ಕೆ ಬರೋಣ.